ಹಳೇ ಬೈಕು ಒಪ್ಪಿದ ಪೆಟ್ಟಿಗೆ

ಗುಡ್ಡದ ಮೇಲಿನ ಹಳ್ಳಿಯಲ್ಲಿ ದನಗಳಿಗೆ ಗಂಟಲುಬೇನೆ ಹರಡಿತ್ತು. ಅಲ್ಲಿಗೆ ಹೊರಟ ಪಶುವೈದ್ಯೆ ಹಿಲ್ಡಾ, ಅಪ್ಪ ಓಡಿಸುತ್ತಿದ್ದ ಹಳೇ ಬೈಕಿಗೆ ಅಂಗಡಿಯಲ್ಲಿ ಅಗಲವಾದ ಎರಡು ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹಾಕಿಸಿದಳು. ಔಷಧಿಯ ಜೊತೆಗೆ ಹಾಸಿಗೆ, ಸ್ಟೌ, ಪಾತ್ರೆಗಳನ್ನೂ ತುಂಬಿದಳು.

ಮೊದಲ ಏರಿನಲ್ಲೇ ಮುಂದಿನ ಚಕ್ರ ನೆಲ ಬಿಟ್ಟಿತು. ಬೈಕು ಅಲ್ಲೇ ನಿಂತುಬಿಟ್ಟಿತು.

“ವಯಸ್ಸಾಯಿತು ನಿನಗೆ,” ಎಂದವು ಪೆಟ್ಟಿಗೆಗಳು.

“ಆಯಿತು. ಆದ್ದರಿಂದಲೇ ನನ್ನ ಬೆನ್ನು ಎಷ್ಟು ಹೊರುತ್ತದೆಂದು ನನಗೆ ಗೊತ್ತು. ನೀವು ಇಳಿದುಬಿಡಿ.”

“ನಮ್ಮಷ್ಟು ಹಿಡಿಸುವ ಪೆಟ್ಟಿಗೆ ಈ ಊರಲ್ಲೇ ಇಲ್ಲ!”

“ಇಲ್ಲದಿರಬಹುದು. ನನ್ನ ಚೌಕಟ್ಟು ಮುರಿದರೆ ನೀವೂ ದಾರಿಯಲ್ಲೇ ಉಳಿಯುತ್ತೀರಿ.” ಬೈಕು ಹಿಲ್ಡಾಳ ಕಡೆ ತಿರುಗಿತು. “ಡಾಕ್ಟರಮ್ಮ, ಮೇಲೆ ತಲುಪಲೇಬೇಕಾದದ್ದು ಯಾವುದು, ಹೇಳಿ. ಅದನ್ನು ನಾನು ಮುಟ್ಟಿಸುತ್ತೇನೆ.”

ಹಿಲ್ಡಾ ಪೆಟ್ಟಿಗೆಯ ಮುಚ್ಚಳ ತೆರೆದು ನೋಡಿದಳು. “ಔಷಧಿ,” ಎಂದಳು.

ಅಂಗಡಿಗೆ ಮರಳಿ ಅವಳು ಸಣ್ಣ, ಗಟ್ಟಿ ಪೆಟ್ಟಿಗೆಗಳನ್ನು ಆರಿಸಿಕೊಂಡಳು. ಅವುಗಳಲ್ಲಿ ಔಷಧಿ ಮಾತ್ರ ಹಿಡಿಯಿತು. ಬೈಕು ಒಮ್ಮೆಯೂ ನಿಲ್ಲದೆ ಗುಡ್ಡ ಹತ್ತಿತು. ಕೊಟ್ಟಿಗೆಯಲ್ಲಿ ಮಲಗಿದ್ದ ಮೊದಲ ಹಸುವಿಗೆ ಹಿಲ್ಡಾ ಸೂಜಿ ಚುಚ್ಚಿದಾಗ ಅದು ಇನ್ನೂ ಉಸಿರಾಡುತ್ತಿತ್ತು.