ಪಂಪಿನೊಳಗಿನ ಚರ್ಮದ ಬಿಲ್ಲೆ

ಹೊಳೆಯಿಂದ ಎರಡು ಕೂಗಳತೆ ದೂರದಲ್ಲಿ ಒಂದು ಆಶ್ರಮವಿತ್ತು. ಅಲ್ಲಿದ್ದವರು ತಾರಕಾನಂದರೆಂಬ ವೃದ್ಧ ಗುರುಗಳು, ಸೀತಾಪತಿಯೆಂಬ ಶಿಷ್ಯ, ಅಡಿಗೆಯ ಸುಬ್ಬಕ್ಕ, ಒಂದು ಹಸು, ಎರಡು ಕರು. ಅಂಗಳದಲ್ಲಿ ಹನ್ನೆರಡು ಮೊಳ ಆಳಕ್ಕೆ ನೀರಿದ್ದ ಬಾವಿ.

ಸೀತಾಪತಿಗೆ ಇದ್ದದ್ದು ಒಂದೇ ಆಸೆ. ಗುರುಗಳ ಬಾಯಿಂದ ಉಪದೇಶ ಕೇಳಬೇಕು.

ಬಂದು ಎರಡು ವರ್ಷವಾಗಿತ್ತು. ಗುರುಗಳು ಅವನಿಗೆ ಹಸುವಿನ ಮೈ ತೊಳೆಯಲು ಹೇಳಿದ್ದರು, ಬೇಲಿ ಕಟ್ಟಲು ಹೇಳಿದ್ದರು, ಹುಣಿಸೆಹಣ್ಣಿನ ಬೀಜ ಬಿಡಿಸಲು ಹೇಳಿದ್ದರು. ಉಪದೇಶವನ್ನು ಮಾತ್ರ ಹೇಳಿರಲಿಲ್ಲ.

ತನಗೆ ಇನ್ನೂ ಯೋಗ್ಯತೆ ಬಂದಿಲ್ಲ ಎಂದುಕೊಂಡ ಸೀತಾಪತಿ. ಒಂದು ಬೆಳಿಗ್ಗೆ ಗುರುಗಳ ಮುಂದೆ ಕೈಕಟ್ಟಿ ನಿಂತ.

"ಗುರುಗಳೇ, ನಲವತ್ತೆಂಟು ದಿನ ಕಟ್ಟುಮಡಿಯಲ್ಲಿ ಇರುತ್ತೇನೆ. ಬಾವಿಯಿಂದ ಆಗ ತಾನೇ ಸೇದಿದ ನೀರು ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ. ನಮ್ಮ ತಾತನ ಕೃಷ್ಣಾಜಿನದ ಮೇಲೆ ಕೂತು ಜಪ ಮಾಡುತ್ತೇನೆ. ವ್ರತ ಮುಗಿದ ದಿನ ತಾವು ಉಪದೇಶ ಕೊಡಬೇಕು."

"ನೀರು ಸೇದುವವರು ಯಾರು?" ಎಂದು ಕೇಳಿದರು ಗುರುಗಳು.

"ಸುಬ್ಬಕ್ಕ ಇದ್ದಾರಲ್ಲ."

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೀತಾಪತಿ ಅದನ್ನು ಹೂಂ ಎಂದೇ ತಿಳಿದ.

ಅಂದಿನಿಂದ ಸುಬ್ಬಕ್ಕನ ಪಾಡು ಹೇಳತೀರದು. ಅವನ ಸ್ನಾನಕ್ಕೆ ಎಂಟು ಕೊಡ. ಪಂಚೆ ಒಗೆಯಲು ನಾಲ್ಕು. ಪಂಚೆಗೆ ಕಾಗೆ ತಾಗಿದರೆ ಮತ್ತೆ ನಾಲ್ಕು. ಆಶ್ರಮದ ತುಂಬ ಮರಗಳು, ಮರದ ತುಂಬ ಕಾಗೆಗಳು. ನೀರನ್ನು ಸೇದುವವಳೂ ಒದ್ದೆ ಸೀರೆಯಲ್ಲೇ ಸೇದಬೇಕು. ಮಡಿ ಅವನದು, ನೆಗಡಿ ಅವಳದು.

"ಅಲ್ಲಪ್ಪಾ ಸೀತಾಪತಿ, ನಿನ್ನ ಪುಣ್ಯದಲ್ಲಿ ನನಗೆ ಎಷ್ಟು ಪಾಲು?" ಎಂದು ಸೀನುತ್ತ ಕೇಳಿದಳು ಸುಬ್ಬಕ್ಕ.

"ಪುಣ್ಯ ಹಂಚುವ ಪದಾರ್ಥವಲ್ಲ ಸುಬ್ಬಕ್ಕ."

"ಹಾಗಾದರೆ ಹಗ್ಗವನ್ನಾದರೂ ಹಂಚಿಕೋ. ಆ ತುದಿ ಹಿಡಿ."

ಅವನು ಕಣ್ಣು ಮುಚ್ಚಿ ಜಪಕ್ಕೆ ಕೂತ.

ಮೂವತ್ತೆಂಟನೆಯ ದಿನ ಸುಬ್ಬಕ್ಕನ ಬಲಗೈ ಹೆಗಲಿಗಿಂತ ಮೇಲೆ ಏಳದಾಯಿತು. ತಲೆ ಬಾಚಿಕೊಳ್ಳಲೂ ಆಗಲಿಲ್ಲ. ಗುರುಗಳು ಅದನ್ನು ನೋಡಿದರು. ಪೇಟೆಗೆ ಒಂದು ಚೀಟಿ ಕಳಿಸಿದರು.

ನಲವತ್ತೊಂದನೆಯ ದಿನ ಎತ್ತಿನಗಾಡಿಯಲ್ಲಿ ಪಂಪು ಕೂರಿಸುವ ಮಸ್ತಾನ್ ಸಾಬರು ಬಂದಿಳಿದರು. ಜೊತೆಗೆ ಉದ್ದನೆಯ ಪೈಪು, ಸೊಂಡಿಲು ಚಾಚಿದ ಗಣಪತಿಯಂಥ ಒಂದು ಕಬ್ಬಿಣದ ಕೈಪಂಪು.

ಸಾಬರು ರಾಟೆಯ ಕಂಬ ಕಿತ್ತರು. ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿಸಿದರು. ಅದರ ನಡುವಿನ ತೂತಿನಿಂದ ಪೈಪು ಇಳಿಸಿ, ಮೇಲೆ ಪಂಪು ಕೂರಿಸಿ, ನಟ್ಟು ಬಿಗಿದರು. ಕೊನೆಗೆ ಚೀಲದಿಂದ ಎಣ್ಣೆಯಲ್ಲಿ ನೆಂದ ಒಂದು ದುಂಡನೆಯ ಬಿಲ್ಲೆ ತೆಗೆದರು.

"ನೋಡಿ ಸ್ವಾಮೇರೆ, ಇದೇ ಪಂಪಿನ ಜೀವ. ಮಿಕ್ಕಿದ್ದೆಲ್ಲ ಬರೀ ಕಬ್ಬಿಣ. ಇದು ಒಳಗೆ ಅಂಟಿಕೊಂಡು ಕೂತ್ರೆ ನೀರು ಬರ್ತದೆ. ಸಂದು ಬಿಟ್ರೆ ಗಾಳಿ ಬರ್ತದೆ."

ಗುರುಗಳು ಪಾಠ ಕೇಳುವವರಂತೆ ತಲೆದೂಗಿದರು.

"ಅದು ಯಾವುದರದು?" ಎಂದು ದೂರದಿಂದಲೇ ಕೇಳಿದ ಸೀತಾಪತಿ.

"ಚರ್ಮದ್ದು. ಅಸಲಿ ಎಮ್ಮೆ ಚರ್ಮ. ಐದು ವರ್ಷ ಕೇಳೋ ಹಾಗಿಲ್ಲ."

ಸೀತಾಪತಿ ಮೂರು ಹೆಜ್ಜೆ ಹಿಂದೆ ಹಾರಿದ. "ಗುರುಗಳೇ, ಎಮ್ಮೆ!"

"ಕೇಳಿಸಿತು" ಎಂದರು ಗುರುಗಳು.

"ಕುಡಿಯುವ ನೀರಿಗೆ ಚರ್ಮ ತಾಗುತ್ತದೆ!"

"ಬಾವಿಯಲ್ಲಿ ಒಂದು ಕಪ್ಪೆ ಇದೆಯಲ್ಲ, ಅದು ಏನು ಉಟ್ಟುಕೊಂಡಿದೆ?"

"ಕಪ್ಪೆಯ ವಿಷಯ ಬೇರೆ ಗುರುಗಳೇ."

"ಹೌದು, ಬೇರೆ. ಅದು ವ್ರತ ಹಿಡಿದಿಲ್ಲ."

ಸಾಬರು ಪಂಪಿನ ತಲೆಗೆ ಒಂದು ಚೆಂಬು ನೀರು ಹೊಯ್ದು ಹಿಡಿಯನ್ನು ಸುಬ್ಬಕ್ಕನಿಗೆ ಬಿಟ್ಟುಕೊಟ್ಟರು. ಅವಳು ಎಡಗೈಯಲ್ಲಿ ನಾಲ್ಕು ಸಲ ಒತ್ತಿದಳು. ಪಂಪು ಕೆಮ್ಮಿತು, ಗುಟುರು ಹಾಕಿತು, ಆಮೇಲೆ ಮಣಿಕಟ್ಟಿನಷ್ಟು ದಪ್ಪ ನೀರು ಧುಮುಕಿತು.

"ಅಯ್ಯೋ ನನ್ನಪ್ಪಾ! ಕರು ಬಾಯಿ ಹಾಕಿದರೆ ಹಸು ಸೊರೆ ಬಿಟ್ಟ ಹಾಗೆ ಬರುತ್ತಲ್ಲೋ!"

ಅವಳು ಕೊಡ ತುಂಬಿದಳು, ಹಂಡೆ ತುಂಬಿದಳು. ತುಂಬಲು ಬೇರೇನೂ ಸಿಗದೆ, ತೊಳೆದ ಕಾಲನ್ನೇ ಇನ್ನೊಮ್ಮೆ ತೊಳೆದಳು. ಆಮೇಲೆ ಹಳೆಯ ಬಾವಿಹಗ್ಗವನ್ನು ಕತ್ತರಿಸಿ ಎರಡು ತುಂಡನ್ನು ಕರುಗಳಿಗೆ ಕಟ್ಟಿ, ಉಳಿದದ್ದನ್ನು ಬಟ್ಟೆ ಒಣಗಿಸಲು ಬಿಗಿದಳು.

ಸಾಬರು ಹೊರಡುವಾಗ ನಟ್ಟು ಬಿಚ್ಚುವ ಒಂದು ಪಾನಾ ಕೊಟ್ಟರು. "ಸಡಿಲ ಆದ್ರೆ ಬಿಗಿ ಮಾಡ್ಕೊಳ್ಳಿ. ಮಗಳ ಮದುವೆ ಐತೆ, ಎಂಟು ದಿನ ನಾನು ಊರಲ್ಲಿರಲ್ಲ."

ಸೀತಾಪತಿ ಬೆರಳು ಮಡಿಸಿ ದಿನ ಎಣಿಸಿದ. ಇನ್ನು ಏಳೇ ದಿನ ಉಳಿದಿತ್ತು. ಬಾವಿಯ ಬಾಯಿಗೆ ಚಪ್ಪಡಿ ಬಿದ್ದಿತ್ತು, ಹಗ್ಗ ಕರುವಿನ ಕೊರಳಲ್ಲಿತ್ತು. ಹೊಳೆಯ ನೀರು ಕುಡಿಯೋಣವೆಂದರೆ ಅಲ್ಲಿ ಊರ ಎಮ್ಮೆಗಳೆಲ್ಲ ಮೀಯುತ್ತಿದ್ದವು. ಒಂದು ತೊಟ್ಟು ಗಂಟಲಲ್ಲಿ ಇಳಿದರೂ ನಲವತ್ತೊಂದು ದಿನ ನೀರಲ್ಲಿ ಹೋಯಿತು. ಉಪದೇಶವೂ ಹೋಯಿತು.

ಮಧ್ಯಾಹ್ನ ಗುರುಗಳು ಅಡ್ಡಾದಾಗ, ಸುಬ್ಬಕ್ಕ ಗೊರಕೆ ಹೊಡೆಯುತ್ತಿದ್ದಾಗ, ಅವನು ಪಾನಾ ಹಿಡಿದು ಪಂಪಿನ ಮುಚ್ಚಳ ಬಿಚ್ಚಿದ. ಬಾಳೆಲೆ ಸುತ್ತಿದ ಇಕ್ಕಳದಿಂದ ಬಿಲ್ಲೆಯನ್ನು ಕಿತ್ತ. ತೋಳನ್ನು ಉದ್ದಕ್ಕೆ ಚಾಚಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಹೊಳೆಯವರೆಗೂ ನಡೆದ. ಬಿಲ್ಲೆಯನ್ನೂ ಇಕ್ಕಳವನ್ನೂ ಮಡುವಿಗೆ ಎಸೆದ. ಮೂರು ಮುಳುಗು ಹಾಕಿದ. ಆಮೇಲೆ ಅಲ್ಲಿ ಎಮ್ಮೆ ಮೀಯುವುದು ನೆನಪಾಗಿ ದಂಡೆಯ ಮೇಲೆ ತಲೆ ಹಿಡಿದುಕೊಂಡು ಕೂತ.

ಬಂದು ಬಿಲ್ಲೆಯ ಜಾಗದಲ್ಲಿ ತನ್ನ ರೇಷ್ಮೆ ಮಡಿವಸ್ತ್ರದ ಒಂದು ತುಂಡು ಸುತ್ತಿಟ್ಟ. ಹಿಡಿ ಒತ್ತಿದ. ಪಂಪು ನಿಟ್ಟುಸಿರು ಬಿಟ್ಟಿತು.

ಮೇಲೆ ತೆಂಗಿನ ನಾರು ತುರುಕಿದ. ಪಂಪು ಬಿಕ್ಕಳಿಸಿತು.

ಅದರ ಮೇಲೆ ಬಾಳೆಯ ಪಟ್ಟೆ ಹಾಕಿದ. ಪಂಪು ಸುಬ್ಬಕ್ಕನ ಹಾಗೇ ಗೊರಕೆ ಹೊಡೆಯಿತು. ನೀರು ಮಾತ್ರ ಬರಲಿಲ್ಲ. ಮುಚ್ಚಳ ಬಿಗಿದು, ದೇವರ ಮೇಲೆ ಭಾರ ಹಾಕಿ ಸುಮ್ಮನಾದ.

ಮರುದಿನ ಬೆಳಿಗ್ಗೆ ಹಂಡೆಯ ನೀರನ್ನು ಹಸು ಕರುಗಳು ಮುಗಿಸಿದವು, ಕೊಡದ ನೀರು ಗುರುಗಳ ಸ್ನಾನಕ್ಕೆ ಹೋಯಿತು. ಸುಬ್ಬಕ್ಕ ಖಾಲಿ ಕೊಡ ಇಟ್ಟು ಪಂಪು ಒತ್ತಿದಳು. ಇಪ್ಪತ್ತು ಸಲ ಒತ್ತಿದಳು.

"ನಿನ್ನೆ ಅಷ್ಟು ಚೆನ್ನಾಗಿತ್ತಲ್ಲ, ದೃಷ್ಟಿ ಆಯಿತೋ ಏನೋ" ಎಂದು ಪಂಪಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದಳು. ಪಂಪು ಮಿಸುಕಲಿಲ್ಲ. ಅವಳು ಕೊಡವನ್ನು ಎಡಸೊಂಟಕ್ಕಿಟ್ಟುಕೊಂಡು ಹೊಳೆಯ ದಾರಿ ಹಿಡಿದಳು.

ಸೀತಾಪತಿ ಜಗುಲಿಯಲ್ಲಿ ಕೃಷ್ಣಾಜಿನದ ಮೇಲೆ ಕೂತು ಕಣ್ಣು ಮುಚ್ಚಿದ್ದ. ನಿನ್ನೆ ಬೆಳಿಗ್ಗೆಯಿಂದ ಅವನು ನೀರು ಕುಡಿದಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿ ಮಂತ್ರ ಹೊರಳುತ್ತಿರಲಿಲ್ಲ.

ಕಲ್ಲಿನ ಮೇಲೆ ಕೊಡ ಕುಕ್ಕಿದ ಸದ್ದು ಕೇಳಿತು. ಅವಳ ಏದುಸಿರು ಕೇಳಿತು. ಮತ್ತೆ ಹೆಜ್ಜೆ ದೂರ ಹೋಯಿತು.

ಎರಡನೆಯ ಸಲವೂ ಕೊಡ ಕುಕ್ಕಿದ ಸದ್ದಾಯಿತು.

ಮೂರನೆಯ ಸಲ ಸದ್ದು ಬೇರೆಯಾಗಿತ್ತು. ಸೀತಾಪತಿ ಕಣ್ಣು ತೆರೆದ. ಕೊಡ ಉರುಳಿ ಬಾಗಿಲಿನವರೆಗೂ ಬಂದಿತ್ತು. ಸುಬ್ಬಕ್ಕ ಬಲಹೆಗಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಬೈಯುತ್ತಿರಲಿಲ್ಲ. ಅವಳು ಬೈಯದೆ ಇದ್ದದ್ದನ್ನು ಅವನು ಎರಡು ವರ್ಷದಲ್ಲಿ ಕಂಡಿರಲಿಲ್ಲ.

"ಗುರುಗಳೇ" ಎಂದ ಸೀತಾಪತಿ. ದನಿ ಪಂಪಿನ ದನಿಯಂತೆಯೇ ಬಂತು. "ಪಂಪು ಕೆಟ್ಟಿಲ್ಲ. ಕೆಡಿಸಿದವನು ನಾನು."

ಗುರುಗಳು ಆಗಲೇ ಪಾನಾ ಹಿಡಿದು ಪಂಪಿನ ಹತ್ತಿರ ನಿಂತಿದ್ದರು. ಮುಚ್ಚಳ ತೆಗೆದು ಒಳಗೆ ಕೈ ಹಾಕಿದರು. ಬಾಳೆಪಟ್ಟೆ ಬಂತು. ನಾರು ಬಂತು. ಕೊನೆಗೆ ರೇಷ್ಮೆ ಬಂತು.

"ಹಣ್ಣು ಕಾಯಿ ಒಂದು ಇಟ್ಟಿದ್ದರೆ ಪಂಪಿಗೆ ಸೀಮಂತ ಮಾಡಬಹುದಿತ್ತು" ಎಂದಳು ಸುಬ್ಬಕ್ಕ. ಅವಳು ಬಾಯಿ ಬಿಟ್ಟದ್ದು ಕೇಳಿ ಸೀತಾಪತಿಗೆ ಹೋದ ಜೀವ ಬಂದಂತಾಯಿತು.

"ಬಿಲ್ಲೆ ಎಲ್ಲಿ?" ಎಂದರು ಗುರುಗಳು.

"ಹೊಳೆಯಲ್ಲಿ."

"ನನ್ನ ಇಕ್ಕಳ?" ಎಂದಳು ಸುಬ್ಬಕ್ಕ.

"ಅದೂ ಹೊಳೆಯಲ್ಲಿ."

"ಸಾಬರು?"

"ಮದುವೆಯಲ್ಲಿ."

ಗುರುಗಳು ಗಡ್ಡ ನೀವಿಕೊಂಡರು. "ಒಂದು ಚೂರು ಚರ್ಮ ಬೇಕಲ್ಲ. ಆಶ್ರಮದಲ್ಲಿ ಎಲ್ಲಾದರೂ ಇದೆಯೇ?"

"ಶಿವ ಶಿವಾ! ಆಶ್ರಮದಲ್ಲಿ ಚರ್ಮ ಎಲ್ಲಿಂದ ಬರಬೇಕು ಗುರುಗಳೇ?" ಎಂದ ಸೀತಾಪತಿ, ಕೃಷ್ಣಾಜಿನದ ಮೇಲೆ ಕೂತು.

ಸುಬ್ಬಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ನಗು ಮೂಗಿನಿಂದ ಹೊರಬಂತು.

ಸೀತಾಪತಿ ನಿಧಾನವಾಗಿ ತಲೆ ತಗ್ಗಿಸಿ ಕೆಳಗೆ ನೋಡಿದ.

"ಗುರುಗಳೇ, ಇದು ಚರ್ಮವಲ್ಲ! ಇದು ಕೃಷ್ಣಾಜಿನ!"

"ಜಿಂಕೆಗೆ ಯಾರಾದರೂ ಹಾಗೆಂದು ಹೇಳಿದ್ದರೇನು?"

"ನಮ್ಮ ತಾತ ಇದರ ಮೇಲೆ ಕೂತು ನಲವತ್ತು ವರ್ಷ ಜಪ ಮಾಡಿದ್ದಾರೆ!"

"ಒಳ್ಳೆಯದಾಯಿತು. ಎಮ್ಮೆಗಿಂತ ಇದಕ್ಕೆ ಸಂಸ್ಕಾರ ಜಾಸ್ತಿ."

ಸೀತಾಪತಿ ಮೆಟ್ಟಿಲ ಮೇಲಿನ ಸುಬ್ಬಕ್ಕನನ್ನು ನೋಡಿದ. ಅವಳು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು, ಬೇರೆ ಯಾರದೋ ಕೈ ಎಂಬಂತೆ. ಅವನು ಎದ್ದು ನಿಂತ. ಕೃಷ್ಣಾಜಿನವನ್ನು ಕೊಡವಿ, ಕಣ್ಣಿಗೊತ್ತಿಕೊಂಡು, ಗುರುಗಳ ಕೈಗೆ ಕೊಟ್ಟ.

ಗುರುಗಳು ಚೆಂಬನ್ನು ಅದರ ಮೇಲೆ ಕವುಚಿ ಇದ್ದಿಲಿನಿಂದ ಗುರುತು ಹಾಕತೊಡಗಿದರು.

"ಅಂಚಿನಲ್ಲಿ ಗುರುಗಳೇ! ಅಂಚಿನಲ್ಲಿ ಕತ್ತರಿಸಿ!"

"ಅಂಚು ಹಪ್ಪಳದ ಹಾಗೆ ಒಣಗಿದೆ. ನಡುವೆ ಮಾತ್ರ ಮೆತ್ತಗಿದೆ. ನೀನು ಕೂತು ಕೂತು ಹದ ಮಾಡಿದ್ದೀಯ. ನಲವತ್ತೆರಡು ದಿನದ ತಪಸ್ಸು ಇಲ್ಲಿ ಫಲಿಸಿದೆ, ನೋಡು."

ಸುಬ್ಬಕ್ಕ ಈಳಿಗೆಮಣೆ ತಂದಳು. ಗುರುಗಳು ಕುಂಬಳಕಾಯಿ ಹೆಚ್ಚುವಷ್ಟೇ ನಿರಾಳವಾಗಿ ಎರಡು ಬಿಲ್ಲೆ ಕತ್ತರಿಸಿದರು. ಒಂದರ ಮೇಲೊಂದಿಟ್ಟು ಹರಳೆಣ್ಣೆ ತಿಕ್ಕಿದರು. ಸೀತಾಪತಿ ಎದೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದ.

ಬಿಲ್ಲೆ ಕೂರಿಸಿ, ಮುಚ್ಚಳ ಬಿಗಿದು, ಸುಬ್ಬಕ್ಕ ಹೊಳೆಯಿಂದ ತಂದ ನೀರಿನಲ್ಲೇ ಒಂದು ಚೆಂಬು ಹೊಯ್ದರು.

"ಒತ್ತು" ಎಂದರು ಶಿಷ್ಯನಿಗೆ.

ಸೀತಾಪತಿ ಒತ್ತಿದ. ಪಂಪು ಕೆಮ್ಮಿತು. ಇನ್ನೂ ಒತ್ತಿದ. ಎರಡು ಜಿಂಕೆಕೂದಲು ಹೊರಬಂದವು, ಅವುಗಳ ಹಿಂದೆಯೇ ನೀರು.

"ಬಂತು, ಬಂತು! ನಿಮ್ಮ ತಾತ ದೊಡ್ಡ ಮನುಷ್ಯ ಕಣಪ್ಪಾ!" ಎಂದಳು ಸುಬ್ಬಕ್ಕ. ಮೊದಲ ಕೊಡ ಇಟ್ಟಳು, ಎರಡನೆಯದು ಇಟ್ಟಳು. ಹಂಡೆ ತೋರಿಸಿದಳು, ಹಸುವಿನ ತೊಟ್ಟಿ ತೋರಿಸಿದಳು. ಅವಳು ಮೆಟ್ಟಿಲ ಮೇಲೆ ಕೂತು ಬೆರಳು ಚಾಚಿದಲ್ಲೆಲ್ಲ ಅವನು ತುಂಬಿದ.

ಬಿಸಿಲು ನೆತ್ತಿಗೆ ಬಂದಿತ್ತು. ಬೆವರು ಕಣ್ಣಿಗಿಳಿದಿತ್ತು. ಇಪ್ಪತ್ತಮೂರನೆಯ ಕೊಡ ತುಂಬಿದಾಗ ಸೀತಾಪತಿ ಹಿಡಿ ಬಿಟ್ಟು ಬಗ್ಗಿದ. ಇನ್ನೂ ಸುರಿಯುತ್ತಿದ್ದ ಸೊಂಡಿಲಿಗೆ ಬೊಗಸೆಯೊಡ್ಡಿ ಗಟಗಟನೆ ಕುಡಿದ. ಇನ್ನೊಂದು ಬೊಗಸೆ ಕುಡಿದ. ಮೂರನೆಯದನ್ನು ಬಾಯಿಗೆತ್ತಿ ಹಾಗೆಯೇ ಕಲ್ಲಾದ.

"ಯಾಕಪ್ಪಾ, ಉಪ್ಪುಪ್ಪಾಗಿದೆಯೇ?" ಎಂದಳು ಸುಬ್ಬಕ್ಕ.

"ಇಲ್ಲ" ಎಂದ ಸೀತಾಪತಿ. "ಸಿಹಿಯಾಗಿದೆ."

ನೀರು ಬೆರಳ ಸಂದಿಯಿಂದ ಸೋರಿಹೋಯಿತು. ಅವನು ಕಂಬಕ್ಕೆ ತೂಗುಹಾಕಿದ್ದ ಕೃಷ್ಣಾಜಿನವನ್ನು ಎತ್ತಿಕೊಂಡು ಗುರುಗಳ ಬಳಿ ಹೋದ. ನಡುವೆ, ಒತ್ತೊತ್ತಾಗಿ, ಚೆಂಬಿನ ಬಾಯಷ್ಟು ದೊಡ್ಡ ಎರಡು ತೂತು. ಅದರೊಳಗಿಂದ ಅಂಗಳ ಕಾಣುತ್ತಿತ್ತು, ಹಸು ಕಾಣುತ್ತಿತ್ತು, ಇಪ್ಪತ್ತಮೂರು ಕೊಡದಿಂದ ಚೆಲ್ಲಿದ ನೀರು ಕುಡಿದು ಕೆಸರಾದ ನೆಲ ಕಾಣುತ್ತಿತ್ತು.

"ಗುರುಗಳೇ, ವ್ರತ ಮುರಿಯಿತು. ಇನ್ನು ಉಪದೇಶ ಕೇಳಲು ನನಗೆ ಬಾಯಿಲ್ಲ. ಇಷ್ಟು ಮಾತ್ರ ಹೇಳಿ. ನಾಳೆ ಬೆಳಿಗ್ಗೆ ನಾನು ಜಪಕ್ಕೆ ಎಲ್ಲಿ ಕೂರಲಿ? ನಡುವೆಯೇ ತೂತಾಗಿದೆ."

ಗುರುಗಳು ಕೃಷ್ಣಾಜಿನವನ್ನು ಎತ್ತಿ ಹಿಡಿದು ತೂತಿನೊಳಗಿಂದ ಶಿಷ್ಯನ ಮುಖ ನೋಡಿದರು.

"ಆ ತೂತಿನ ಮೇಲೇ ಕೂರು" ಎಂದರು. "ಅಷ್ಟಾದರೂ ನೆಲ ತಾಗಲಿ."