ದಫ್ತರದಲ್ಲಿ ಬೆಳೆದ ಮೀಸೆ

ಅಂಗುಲಭೂಪಾಲನ ಆಳ್ವಿಕೆಯ ಹತ್ತೊಂಬತ್ತನೆಯ ವರ್ಷ, ಆಶ್ವಯುಜ ಶುದ್ಧ ಸಪ್ತಮಿ, ಗುರುವಾರ, ಬೆಳಗಿನ ಹತ್ತು ಗಂಟೆ.

ಒಂದಾನೊಂದು ಊರು. ಎರಡಲ್ಲ, ಅರಸನು ಎಣಿಸಿ ನೋಡಿ, ಒಂದೇ ಎಂದು ಬರೆಸಿಟ್ಟಿದ್ದನು. ಹೆಸರು ಗೇಣೂರು. ಆ ಊರಿನಲ್ಲಿ ಎಲ್ಲವನ್ನೂ ಅಳೆಯುತ್ತಿದ್ದರು. ದೋಸೆಯನ್ನು ಅಳೆದು ತಿನ್ನುತ್ತಿದ್ದರು. ಆಕಳಿಕೆಯನ್ನು ಅಳೆದು ಬಾಯಿ ಮುಚ್ಚುತ್ತಿದ್ದರು. ಸೈನಿಕರ ದರ್ಜೆಯನ್ನು ಮೀಸೆಯಿಂದ ಅಳೆಯುತ್ತಿದ್ದರು.

ಸಿಪಾಯಿಗೆ ಎರಡು ಅಂಗುಲ. ಹವಾಲ್ದಾರನಿಗೆ ನಾಲ್ಕು. ಜಮಾದಾರನಿಗೆ ಆರು. ಸುಬೇದಾರನಿಗೆ ಎಂಟು. ಸೇನಾಪತಿಗೆ ಹನ್ನೆರಡು. ಮಹಾರಾಜನಿಗೆ ಹದಿಮೂರು. ಅದರ ಮೇಲೆ ದೇವರು. ದೇವರನ್ನು ಇನ್ನೂ ಅಳೆದಿರಲಿಲ್ಲ. ಆ ಕಡತ ವಿಚಾರಣೆಯಲ್ಲಿತ್ತು.

ಬದುಕಿರುವವನ ದರ್ಜೆಯನ್ನು ಗೇಣೂರಿನವರು ಎಲ್ಲಿಯೂ ಬರೆಯುತ್ತಿರಲಿಲ್ಲ. ಮೀಸೆ ಮುಖದ ಮೇಲೆಯೇ ಇರುವಾಗ ಕಾಗದವೇಕೆ? ಸತ್ತ ದಿನ ಮಾತ್ರ ಕಚೇರಿಯಿಂದ ಶಿರಸ್ತೇದಾರನು ಬರುತ್ತಿದ್ದನು. ಮೀಸೆ ಅಳೆಯುತ್ತಿದ್ದನು. ದಫ್ತರದಲ್ಲಿ ಬರೆಯುತ್ತಿದ್ದನು. ಬರೆದದ್ದೇ ದರ್ಜೆ.

ಹೊನ್ನಾಜಮ್ಮನ ಗಂಡ ಮಲ್ಲರಾಜಯ್ಯನು ಸುಬೇದಾರನಾಗಿದ್ದನು. ಮೂವತ್ತು ವರ್ಷ ಎಂಟು ಅಂಗುಲದ ಮೀಸೆ ಹೊತ್ತು ನಡೆದಿದ್ದನು. ಕಡೆಗಾಲದಲ್ಲಿ ಜ್ವರ ಬಂದಿತು. ಗಂಜಿ ಕುಡಿಸಲು ಮೀಸೆ ಅಡ್ಡ ಬಂದಿತು. ಹೊನ್ನಾಜಮ್ಮ ಕ್ಷೌರಿಕ ಮುದ್ದಯ್ಯನನ್ನು ಕರೆಸಿದಳು. ಮುದ್ದಯ್ಯನು ಆಚೆಗೆ ಮೂರು ಅಂಗುಲ, ಈಚೆಗೆ ಮೂರು ಅಂಗುಲ ಕತ್ತರಿಸಿದನು. ಮಲ್ಲರಾಜಯ್ಯನು ಗಂಜಿ ಕುಡಿದನು, ಚೆನ್ನಾಗಿದೆ ಎಂದನು, ಸತ್ತನು.

ಶಿರಸ್ತೇದಾರ ಅನಂತಯ್ಯನು ಬಂದು ಅಳೆದನು. ಎರಡು ಅಂಗುಲ. ದಫ್ತರದಲ್ಲಿ ಬರೆದನು: ಸಿಪಾಯಿ.

ಇದಿಷ್ಟೇ ಆಗಿದ್ದರೆ ಹೊನ್ನಾಜಮ್ಮ ಸುಮ್ಮನಿರುತ್ತಿದ್ದಳೋ ಏನೋ. ಆದರೆ ಆ ಊರಿನಲ್ಲಿ ವಿಜಯದಶಮಿಯಂದು ಸತ್ತ ಸೈನಿಕರ ಹಾಜರಿಯನ್ನೂ ಕೂಗುತ್ತಿದ್ದರು. ಅವರ ಪೇಟಗಳನ್ನು ಮೈದಾನದ ಗೋಡೆಗೆ, ಗೂಟಕ್ಕೊಂದರಂತೆ ನೇತುಹಾಕುತ್ತಿದ್ದರು. ದರ್ಜೆ ಸೇರಿಸಿ ಹೆಸರು ಕೂಗಿದರೆ ಪೇಟವು "ಹಾಜರ್!" ಎನ್ನುತ್ತಿತ್ತು. ಪೇಟಗಳಿಗೆ ಬರುತ್ತಿದ್ದುದು ಅದೊಂದೇ ಮಾತು. ಮೂರು ದಸರೆ ಮಾತಾಡದ ಪೇಟದ ಒಡೆಯನನ್ನು "ಓಡಿಹೋದವನು" ಎಂದು ಬರೆದು, ಪೇಟವನ್ನು ನೆಲ ಒರೆಸಲು ಕೊಡುತ್ತಿದ್ದರು.

ಮೊದಲ ದಸರೆಯಲ್ಲಿ "ಸಿಪಾಯಿ ಮಲ್ಲರಾಜಯ್ಯ!" ಎಂದು ಕೂಗಿದರು. ಪೇಟ ಮಾತಾಡಲಿಲ್ಲ. ಎರಡನೆಯ ದಸರೆಯಲ್ಲಿಯೂ ಕೂಗಿದರು. ಮಾತಾಡಲಿಲ್ಲ. ತನ್ನದಲ್ಲದ ದರ್ಜೆಗೆ ಓಗೊಡುವುದು ಶಿಸ್ತಲ್ಲವೆಂದು ಅದಕ್ಕೆ ಗೊತ್ತಿತ್ತು. ಹೊನ್ನಾಜಮ್ಮನಿಗೂ ಗೊತ್ತಿತ್ತು. ಮೂರನೆಯ ದಸರೆಗೆ ಇನ್ನು ಮೂರೇ ದಿನ ಉಳಿದಿತ್ತು.

ಆಕೆ ಹಿಂದೆ ಎರಡು ಅರ್ಜಿ ಬರೆದಿದ್ದಳು. ಮೊದಲನೆಯದಕ್ಕೆ, "ದರ್ಜೆಯ ತಿದ್ದುಪಡಿಗೆ ಸೈನಿಕನೇ ಖುದ್ದಾಗಿ ಬರತಕ್ಕದ್ದು" ಎಂಬ ಉತ್ತರ ಬಂದಿತು. ಎರಡನೆಯದಕ್ಕೆ, "ಬರಲಾಗದಿದ್ದಲ್ಲಿ ಕಾರಣವನ್ನು ಖುದ್ದಾಗಿ ಬಂದು ತಿಳಿಸತಕ್ಕದ್ದು" ಎಂಬ ಉತ್ತರ ಬಂದಿತು. ಆದುದರಿಂದ ಗುರುವಾರ ಬೆಳಿಗ್ಗೆ ಆಕೆ ಒಗೆದ ಸೀರೆಯುಟ್ಟು, ತನ್ನ ಹಳೆಯ ಕುಂಕುಮದ ಭರಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಚೇರಿಗೆ ಹೋದಳು.

"ಮತ್ತೆ ಬಂದಿರಾ ತಾಯಿ?" ಎಂದನು ಅನಂತಯ್ಯ. "ಸೈನಿಕರು ಎಲ್ಲಿ?"

"ಬಂದಿದ್ದಾರೆ."

"ನನಗೆ ಕಾಣಿಸುತ್ತಿಲ್ಲವಲ್ಲ."

ಹೊನ್ನಾಜಮ್ಮ ಭರಣಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಮೀಸೆಯ ಎರಡು ತುಂಡುಗಳು ಜೋಡಿಯಾಗಿ ಮಲಗಿದ್ದವು. ತುದಿಗಳಿಗೆ ಸ್ವಲ್ಪ ಕುಂಕುಮ ಹತ್ತಿತ್ತು. ಬೆಳಕು ತಾಗಿದೊಡನೆ ಎರಡೂ ನೆಟ್ಟಗಾದವು.

"ಖುದ್ದಾಗಿ ಬಂದಿದ್ದೇನೆ, ಶಿರಸ್ತೇದಾರರೇ," ಎಂದಿತು ಮೀಸೆ. "ಎಷ್ಟು ಹೊತ್ತು ನಿಲ್ಲಿಸುತ್ತೀರಿ?"

ಅನಂತಯ್ಯನು ಎದ್ದು ನಿಂತನು. ಆಮೇಲೆ ತಾನೇಕೆ ಎದ್ದೆನೆಂದು ಯೋಚಿಸಿ ಕುಳಿತುಕೊಂಡನು. ಅಳತೆಪಟ್ಟಿ ತೆಗೆದು ಅಳೆದನು. ಮೂರು ಅಂಗುಲ. ಮತ್ತೆ ಮೂರು ಅಂಗುಲ.

"ಒಟ್ಟು ಆರು. ಜಮಾದಾರ ಎಂದು ಬರೆಯಲೇ?"

"ದಫ್ತರದಲ್ಲಿ ಎರಡಿದೆ," ಎಂದಳು ಹೊನ್ನಾಜಮ್ಮ. "ಆರೂ ಎರಡೂ ಎಂಟು. ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ."

"ಎಂಟೇನೋ ಸರಿ. ಆದರೆ ಅದು ದಫ್ತರದಲ್ಲಿದೆ, ಇದು ಭರಣಿಯಲ್ಲಿದೆ. ಬೇರೆ ಬೇರೆ ಕಡೆ ಇರುವುದನ್ನು ಕೂಡಿಸಲು ನಿಯಮವಿಲ್ಲ ತಾಯಿ."

"ಹಾಗಾದರೆ ಒಂದೇ ಕಡೆ ಇಡಿ."

ಅನಂತಯ್ಯನಿಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಅಂಟು ತಂದನು. "ಎರಡು ಅಂಗುಲ" ಎಂದು ಬರೆದಿದ್ದ ಅಕ್ಷರಗಳ ಎಡಕ್ಕೆ ಒಂದು ತುಂಡು, ಬಲಕ್ಕೆ ಒಂದು ತುಂಡು ಅಂಟಿಸಿದನು. ಪುಟಕ್ಕೆ ಮೀಸೆ ಬಂದಿತು. ನೋಡಲು ಲಕ್ಷಣವಾಗಿಯೇ ಇತ್ತು.

"ಅಂಟು ಒಣಗಲಿ," ಎಂದನು ಅನಂತಯ್ಯ. "ತೆರೆದೇ ಇಟ್ಟಿರುತ್ತೇನೆ. ನಾಳೆ ಬರೆಯುತ್ತೇನೆ. ಆಮೇಲೆ ಸೇನಾಪತಿಗಳ ರುಜು. ಆಮೇಲೆ ಮಹಾರಾಜರ ಮೊಹರು. ಅಷ್ಟೇ."

ಈಗ ಗಮನವಿಟ್ಟು ಕೇಳತಕ್ಕದ್ದು. ಕತ್ತರಿಸಿದ ಮೀಸೆ ಬೆಳೆಯುವುದಿಲ್ಲ, ಏಕೆಂದರೆ ಅದಕ್ಕೆ ಬುಡವಿಲ್ಲ. ದಫ್ತರಕ್ಕೆ ಅಂಟಿಸಿದ ಮೀಸೆಗೆ ಬುಡವಿದೆ. ಬುಡವಿದ್ದ ಮೀಸೆ ಬೆಳೆಯದೆ ಇನ್ನೇನು ಮಾಡೀತು?

ಶುಕ್ರವಾರ ಹೊನ್ನಾಜಮ್ಮ ಬಂದಾಗ ಮೀಸೆ ಹತ್ತು ಅಂಗುಲವಾಗಿತ್ತು. ಅನಂತಯ್ಯನು ಲೇಖನಿ ಹಿಡಿದು ಕುಳಿತಿದ್ದನು.

"ಹತ್ತು ಅಂಗುಲಕ್ಕೆ ದರ್ಜೆಯೇ ಇಲ್ಲವಲ್ಲ ತಾಯಿ! ಏನೆಂದು ಬರೆಯಲಿ?"

"ಸುಬೇದಾರ ಎಂದು ಬರೆಯಿರಿ."

"ಸುಬೇದಾರರಿಗೆ ಎಂಟು. ಮೇಲಿನವರನ್ನು ಕೇಳಬೇಕು."

ಅನಂತಯ್ಯನು ದಫ್ತರವನ್ನು ತಲೆಯ ಮೇಲೆ ಹೊತ್ತನು. ಹೊನ್ನಾಜಮ್ಮ ಹಿಂದೆ ನಡೆದಳು. ಸೇನಾಪತಿ ಭುಜಂಗರಾಯನ ಬಾಗಿಲಲ್ಲಿ ಒಂದು ದಿನ ಕಾಯಿಸಿದರು. ಶನಿವಾರ ಒಳಗೆ ಬಿಟ್ಟಾಗ ಮೀಸೆ ಹನ್ನೆರಡೂವರೆ ಅಂಗುಲವಾಗಿತ್ತು. ಭುಜಂಗರಾಯನು ಅಳೆದನು. ತನ್ನ ಮೀಸೆಯನ್ನೂ ಅಳೆದುಕೊಂಡನು. ಮುಖ ಸಣ್ಣಗಾಯಿತು. ಕುರ್ಚಿಯಿಂದೆದ್ದು, ಹಿಮ್ಮಡಿ ಕೂಡಿಸಿ ಸಲಾಮು ಹೊಡೆದನು.

"ಏನಯ್ಯಾ ಭುಜಂಗ," ಎಂದಿತು ಮೀಸೆ, "ಅಂಗಿಯ ಗುಂಡಿ ಬಿಚ್ಚಿದೆ."

ಭುಜಂಗರಾಯನು ಗುಂಡಿ ಹಾಕಿಕೊಂಡನು. "ನನಗಿಂತ ಮೇಲಿನವರ ಕಾಗದಕ್ಕೆ ನಾನು ರುಜು ಹಾಕುವಂತಿಲ್ಲ ತಾಯಿ," ಎಂದು ಕೈಮುಗಿದು, ತಾನೂ ಅವರೊಡನೆ ಅರಮನೆಗೆ ಹೊರಟನು.

ಭಾನುವಾರ ಬೆಳಿಗ್ಗೆ, ವಿಜಯದಶಮಿಯಂದು, ಅಂಗುಲಭೂಪಾಲನು ಇಡ್ಲಿಯ ಸುತ್ತಳತೆ ತೆಗೆಯುತ್ತಿದ್ದನು. ದಫ್ತರ ಬಂದಿತು. ಮೀಸೆ ಹದಿನಾರು ಅಂಗುಲವಾಗಿ ಪುಟದ ಎರಡೂ ಕಡೆ ಹೊರಗೆ ಇಣುಕುತ್ತಿತ್ತು. ಅರಸನು ಇಡ್ಲಿ ಕೆಳಗಿಟ್ಟು ಮೀಸೆ ಅಳೆದನು. ಮೂರು ಸಲ ಅಳೆದನು.

"ನನ್ನದು ಹದಿಮೂರು," ಎಂದನು, ಬಹಳ ಮೆಲ್ಲಗೆ.

ಅಂಗುಲಭೂಪಾಲನು ನ್ಯಾಯವಂತನು. ಸಿಂಹಾಸನದಿಂದ ಇಳಿದನು. ದಫ್ತರವನ್ನು ಎತ್ತಿ ಸಿಂಹಾಸನದ ಮೇಲಿಟ್ಟನು. ತಾನು ಮಣೆ ಹಾಕಿಕೊಂಡು ಪಕ್ಕದಲ್ಲಿ ಕುಳಿತನು. ಇಡ್ಲಿಯನ್ನು ಮುಂದುವರಿಸಲು ಅಪ್ಪಣೆ ಬೇಡಿದನು. ಅಪ್ಪಣೆಯಾಯಿತು.

ಮೀಸೆ ಎರಡೂ ತುದಿಗಳನ್ನು ಮೇಲಕ್ಕೆ ತಿರುಗಿಸಿತು. "ಹೊನ್ನಾ," ಎಂದಿತು, "ನೋಡಿದೆಯಾ? ಸುಬೇದಾರಿಕೆ ಕೇಳಲು ಹೋದವಳು ಮಹಾರಾಣಿಯಾದೆ. ಬಾ, ಕುಳಿತುಕೋ."

"ಬೇಡ," ಎಂದಳು ಹೊನ್ನಾಜಮ್ಮ.

"ಏಕೆ?"

"ರೀ, ಇವತ್ತು ಹಾಜರಿ. 'ಮಹಾರಾಜ ಮಲ್ಲರಾಜಯ್ಯ' ಎಂದು ಕೂಗಿದರೆ ನಿಮ್ಮ ಪೇಟ ಬಾಯಿ ಬಿಡುತ್ತದೆಯೇ? ಮಹಾರಾಜನು ಹಾಜರಿ ತೆಗೆದುಕೊಳ್ಳುವವನು. ಕೊಡುವವನಲ್ಲ."

"ಅದು ನಿಜವೇ," ಎಂದನು ಮಣೆಯ ಮೇಲಿನ ಅಂಗುಲಭೂಪಾಲ. "ಹತ್ತೊಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೊಟ್ಟಿಲ್ಲ."

"ಪೇಟ ಮಾತಾಡದಿದ್ದರೆ ಓಡಿಹೋದವನೆಂದು ಬರೆಯುತ್ತಾರೆ. ನೀವು ಎಲ್ಲಿಗೂ ಓಡಿಹೋದವರಲ್ಲ. ಸಂತೆಗೆ ಹೋದರೂ ಹೇಳಿ ಹೋಗುತ್ತಿದ್ದಿರಿ."

ಮೀಸೆಯ ತುದಿಗಳು ಸ್ವಲ್ಪ ಕೆಳಗಿಳಿದವು. ಆದರೆ ಸಿಂಹಾಸನ ಮೆತ್ತಗಿತ್ತು.

"ನೋಡೋಣ," ಎಂದಿತು. "ಒಬ್ಬರು ಗಾಳಿ ಬೀಸಿ."

ಅಂಗುಲಭೂಪಾಲನು ಬೀಸಣಿಗೆ ತೆಗೆದುಕೊಂಡನು. ಹೊನ್ನಾಜಮ್ಮ ಕ್ಷೌರಿಕ ಮುದ್ದಯ್ಯನನ್ನು ಕರೆಸಿದಳು. ಮುದ್ದಯ್ಯನು ಕತ್ತರಿ ಹಿಡಿದು ಬಂದನು, ಮೀಸೆ ನೋಡಿದನು, ಕತ್ತರಿಯನ್ನು ಹಿಂದಕ್ಕೆ ಅಡಗಿಸಿಕೊಂಡನು.

"ಪ್ರಭುಗಳು ತಾವೇ ಹೇಳದೆ ಪ್ರಭುಗಳ ಮೀಸೆ ಮುಟ್ಟಿದರೆ ನನ್ನ ಕುತ್ತಿಗೆಯನ್ನು ಅಳೆಯುತ್ತಾರಮ್ಮ."

"ನಾನು ಹೇಳುವುದಿಲ್ಲ," ಎಂದಿತು ಮೀಸೆ.

ಹೊರಗೆ ಮೈದಾನದಲ್ಲಿ ಕಹಳೆ ಊದಿದರು. ಪೇಟಗಳನ್ನು ಗೂಟಗಳಿಗೆ ಹಾಕಿ ಆಗಿತ್ತು.

ಹೊನ್ನಾಜಮ್ಮ ವಾದ ಮಾಡಲಿಲ್ಲ. ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮನೆಗೆ ನಡೆದಳು. ಗೋಡೆಯ ಮೇಲಿದ್ದ ಕೈಗನ್ನಡಿಯನ್ನು ತೆಗೆದು, ಮೂರು ವರ್ಷದ ಧೂಳನ್ನು ಒರೆಸಿದಳು. ಅದರ ಒಂದು ಮೂಲೆ ಒಡೆದಿತ್ತು. ಮೂವತ್ತು ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ಮಲ್ಲರಾಜಯ್ಯನು ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಿದ್ದನು. ಆಕೆ ಆ ಕನ್ನಡಿ ಹಿಡಿಯುತ್ತಿದ್ದಳು. ಅವನು ಎಂಟು ಅಂಗುಲಕ್ಕೆ ಮೀರಿದ್ದನ್ನು ಕತ್ತರಿಸಿಕೊಳ್ಳುತ್ತಿದ್ದನು. ಒಂದು ಭಾನುವಾರವೂ ತಪ್ಪಿದ್ದಿಲ್ಲ. ತನಗೆ ಸಲ್ಲದ ಒಂದು ಕೂದಲೂ ತನಗೆ ಬೇಡವೆನ್ನುತ್ತಿದ್ದನು.

ಆಕೆ ಅರಮನೆಗೆ ಬಂದಳು. ಸಿಂಹಾಸನದ ಮುಂದೆ ನಿಂತು, ಎಂದಿನ ಎತ್ತರಕ್ಕೆ, ಎಂದಿನಂತೆ ಸ್ವಲ್ಪ ಓರೆಯಾಗಿ ಕನ್ನಡಿ ಹಿಡಿದಳು.

ಮೀಸೆ ತನ್ನನ್ನು ನೋಡಿಕೊಂಡಿತು. ಎಡಕ್ಕೆ ನೋಡಿತು. ಬಲಕ್ಕೆ ನೋಡಿತು.

"ಹೊನ್ನಾ, ಇವತ್ತು ಯಾವ ವಾರ?"

"ಭಾನುವಾರ."

"ಸ್ವಲ್ಪ ಹೆಚ್ಚಾಗಿದೆಯಲ್ಲವೇ?"

"ಹೆಚ್ಚಾಗಿದೆ."

"ಮೊದಲೇ ಹೇಳಬಾರದಿತ್ತೇ?" ಎಂದು ಮೀಸೆ ಗದರಿತು. "ಮುದ್ದಯ್ಯಾ, ಕತ್ತರಿ ಎಲ್ಲಿ? ಕನ್ನಡಿ ಅಲುಗಾಡಿಸಬೇಡ ಹೊನ್ನಾ."

ಆಕೆ ಅಲುಗಾಡಿಸಲಿಲ್ಲ. ಮುದ್ದಯ್ಯನು ಆಚೆಗೆ ನಾಲ್ಕು ಅಂಗುಲ, ಈಚೆಗೆ ನಾಲ್ಕು ಅಂಗುಲ ಕತ್ತರಿಸಿದನು. ಅರಸನು ತಾನೇ ಅಳೆದನು. ಎಂಟು. ಎಳ್ಳಿನಷ್ಟು ಹೆಚ್ಚಿಲ್ಲ, ಎಳ್ಳಿನಷ್ಟು ಕಡಿಮೆಯಿಲ್ಲ. ಅನಂತಯ್ಯನು ಸಿಪಾಯಿ ಎಂಬುದನ್ನು ಹೊಡೆದುಹಾಕಿ ಸುಬೇದಾರ ಎಂದು ಬರೆದನು. ಭುಜಂಗರಾಯನು ರುಜು ಹಾಕಿದನು. ಅಂಗುಲಭೂಪಾಲನು ಸಿಂಹಾಸನವನ್ನು ಹತ್ತಿ ಮೊಹರು ಒತ್ತಿದನು. ಕತ್ತರಿಸಿದ ಎಂಟು ಅಂಗುಲವನ್ನು ತನ್ನ ಮೀಸೆಗೆ ಅಂಟಿಸಿಕೊಳ್ಳಬಹುದೇ ಎಂದು ಕೇಳಿದನು. ಹೊನ್ನಾಜಮ್ಮ ಆಗದು ಎಂದಳು. ಭರಣಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದಳು.

ಎಲ್ಲರೂ ಮೈದಾನಕ್ಕೆ ಓಡಿದರು. ಹಾಜರಿ ಕೂಗುವವನಿಗೆ ಕೂಗಿ ಕೂಗಿ ದನಿ ಹೋಗಿತ್ತು. ಭುಜಂಗರಾಯನು ತಾನೇ ಮುಂದೆ ಬಂದು, ಅಂಗಿಯ ಗುಂಡಿ ಮುಟ್ಟಿ ನೋಡಿಕೊಂಡು, ಕೂಗಿದನು.

"ಸುಬೇದಾರ ಮಲ್ಲರಾಜಯ್ಯ!"

ಗೂಟದ ಮೇಲಿನ ಪೇಟ ಮೂರು ವರ್ಷದ ಧೂಳನ್ನು ಒಮ್ಮೆಲೇ ಕೊಡವಿತು. "ಹಾಜರ್!" ಎಂದಿತು. ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಹೊನ್ನಾಜಮ್ಮ ಸೆರಗಿನಿಂದ ಕನ್ನಡಿಯನ್ನು ಇನ್ನೊಮ್ಮೆ ಒರೆಸಿದಳು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಮೀಸೆ ದಫ್ತರದಲ್ಲಿಯೇ ಉಳಿಯಿತು. ಬುಡವಿರುವುದರಿಂದ ಬೆಳೆಯುತ್ತಲೂ ಇತ್ತು. ಆದುದರಿಂದ ಪ್ರತಿ ಭಾನುವಾರ, ರಜೆಯಾದರೂ, ಗೇಣೂರಿನ ಕಚೇರಿಯ ಬಾಗಿಲು ಒಂದು ಗಳಿಗೆ ತೆರೆಯುವಂತೆ ಅಪ್ಪಣೆಯಾಯಿತು. ಹೊನ್ನಾಜಮ್ಮ ಹೋಗಿ ಕನ್ನಡಿ ಹಿಡಿಯುತ್ತಿದ್ದಳು. ಮುದ್ದಯ್ಯನು ಹೆಚ್ಚಾದುದನ್ನು ಕತ್ತರಿಸುತ್ತಿದ್ದನು. ಮೀಸೆ ಊರಿನ ಸಮಾಚಾರ ಕೇಳುತ್ತಿತ್ತು. ಆಕೆ ಹೇಳುತ್ತಿದ್ದಳು.

ಈ ಕತೆಯ ನೀತಿ: ಕಚೇರಿಗೆ ಹೋಗುವವರು ಅರ್ಜಿಯೊಡನೆ ಒಂದು ಕನ್ನಡಿಯನ್ನೂ ಒಯ್ಯತಕ್ಕದ್ದು. ಕತೆ ಅಳತೆಗೆ ಸರಿಯಾಗಿ ಮುಗಿಯಿತು. ಹೆಚ್ಚಾಗಿದೆ ಎನ್ನುವವರು ಕತ್ತರಿಸಿಕೊಳ್ಳಬಹುದು.

ಆ ವಿಜಯದಶಮಿಯಂದು ಮೈದಾನದಲ್ಲಿ ಹಾಜರಿದ್ದವರು: ಅಂಗುಲಭೂಪಾಲ, ಮಹಾರಾಜ. ಭುಜಂಗರಾಯ, ಸೇನಾಪತಿ. ಅನಂತಯ್ಯ, ಶಿರಸ್ತೇದಾರ. ಮುದ್ದಯ್ಯ, ಕ್ಷೌರಿಕ. ಹೊನ್ನಾಜಮ್ಮ. ಮಲ್ಲರಾಜಯ್ಯ, ಸುಬೇದಾರ.