ಸಾಹುಕಾರರ ವೈದ್ಯರ ಚೀಟಿ

ಊರಿಗೆ ವಾಂತಿಭೇದಿ ಬಂತು. ಪ್ರತಿ ಮನೆಯ ಯಜಮಾನ ಎಂಟು ದಿನ ರೋಗಿಗಳ ಸೇವೆ ಮಾಡಲೇಬೇಕೆಂದು ಪುರಸಭೆ ಡಂಗುರ ಸಾರಿಸಿತು. ಪಟ್ಟಿ ಬರೆಯುವ ಕೆಲಸ ಗುಮಾಸ್ತನಿಗೆ ಬಿತ್ತು.

ಜವಳಿ ಸಾಹುಕಾರ ಚನ್ನವೀರಪ್ಪನವರು ವೈದ್ಯರ ಚೀಟಿಯನ್ನು ಮೇಜಿನ ಮೇಲಿಟ್ಟರು. "ನನಗೆ ಮೈ ಸರಿಯಿಲ್ಲ. ಹೆಸರು ಹೊಡೆದುಹಾಕು."

ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕಿವಿಗೊಟ್ಟಿದ್ದರು. ಇವರನ್ನು ಬಿಟ್ಟರೆ ನಾಳೆ ಎಲ್ಲರ ಕೈಯಲ್ಲೂ ಚೀಟಿ, ರೋಗಿಗಳಿಗೆ ನೀರು ಕೊಡುವವರೂ ಇರುವುದಿಲ್ಲ.

ಗುಮಾಸ್ತ ಚೀಟಿಯನ್ನು ಕಣ್ಣಿಗೊತ್ತಿಕೊಂಡ. "ಇಷ್ಟು ಕಾಯಿಲೆಯಿಟ್ಟುಕೊಂಡು ಮನೆಯಲ್ಲಿರಬಾರದು ಸಾಹುಕಾರ್ರೇ. ಆಸ್ಪತ್ರೆ ವಾರ್ಡಿನಲ್ಲಿ ಏಳನೇ ಹಾಸಿಗೆ ಖಾಲಿಯಿದೆ. ಆಚೆ ಈಚೆ ಇಬ್ಬರೂ ವಾಂತಿಭೇದಿಯವರು, ಮಾತಿಗೆ ಜೊತೆಯಾಗುತ್ತಾರೆ."

ಸಾಹುಕಾರರು ಚೀಟಿ ಮಡಿಸಿ ಜೇಬಿಗಿಟ್ಟರು. "ಗಂಜಿ ಬಡಿಸಲು ಎಷ್ಟು ಹೊತ್ತಿಗೆ ಬರಬೇಕು?"

ಎಂಟನೇ ದಿನ ಗುಮಾಸ್ತ ಬಿಡುಗಡೆಯ ಕಾಗದ ಹಿಡಿದು ವಾರ್ಡಿಗೆ ಹೋದ. ಸಾಹುಕಾರರು ಸೌಟು ಕೆಳಗಿಡಲಿಲ್ಲ. "ಅದನ್ನು ಆ ಕಡೆ ಇಡಪ್ಪಾ. ಆರನೇ ಹಾಸಿಗೆಯವನು ಇವತ್ತಷ್ಟೇ ಎದ್ದು ಕೂತಿದ್ದಾನೆ. ಬೇರೆಯವರು ಬಡಿಸಿದರೆ ಉಣ್ಣುವುದಿಲ್ಲ."